ವೇದಕಾಲದ ಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಯರು ಹೊರಗಿನವರೇ, ಇಲ್ಲಿನವರೇ ಎಂಬ ಜಗಳಕ್ಕೆ ನೂರೈವತ್ತು ವರ್ಷ ದಾಟಿದೆ. ಭಾಷೆಯ ಪುರಾವೆ ಹಿಡಿದು ಜನಾಂಗದ ಬಗ್ಗೆ, ಮೂಳೆ ಹಿಡಿದು ಭಾಷೆಯ ಬಗ್ಗೆ, ನದಿಯ ಮರಳು ಹಿಡಿದು ಮಂತ್ರದ ಕಾಲದ ಬಗ್ಗೆ ತೀರ್ಪು ಕೊಡಲು ಹೋಗಿ ಎಡವಿದವರು ಎರಡೂ ಕಡೆ ಇದ್ದಾರೆ. ಹಾಗಾಗಿ ಇಲ್ಲಿ ಒಂದೊಂದು ಸಾಕ್ಷಿಯನ್ನೂ ಅದು ಹೇಳಬಲ್ಲಷ್ಟಕ್ಕೇ ನಿಲ್ಲಿಸಿದ್ದೇವೆ.

ಸುತ್ತಿ ಬಳಸದೆ ಹೇಳಿ: ಆರ್ಯರು ಹೊರಗಿನಿಂದ ಬಂದರೇ?

ಇಂದಿನ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕ್ರಿ.ಪೂ. 2000ದಿಂದ 1500ರ ನಡುವೆ ಮಧ್ಯ ಏಷ್ಯಾದ ಕಡೆಯಿಂದ ದನಗಾಹಿ ಗುಂಪುಗಳು ಕಂತುಕಂತಾಗಿ ಬಂದವು, ಸಂಸ್ಕೃತದ ಪೂರ್ವರೂಪ ಬಹುತೇಕ ಅವರ ಜೊತೆಗೇ ಬಂತು ಎನ್ನುವ ವಾದ ಉಳಿದವಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ. ಹಾಗೆಂದು ವೇದ ಹೊರಗಿನಿಂದ ಬಂತು ಎಂದಾಗುವುದಿಲ್ಲ. ಋಗ್ವೇದದ ಸೂಕ್ತಗಳಲ್ಲಿ ಬರುವ ನದಿಗಳು ಕಾಬೂಲ್ ನದಿಯಿಂದ ಗಂಗೆಯವರೆಗಿನವು, ಅವುಗಳಲ್ಲೂ ಮುಖ್ಯವಾಗಿ ಪಂಜಾಬ್–ಹರಿಯಾಣದ ಸುತ್ತಮುತ್ತಲಿನವು. ಮಂತ್ರ ಕಟ್ಟಿದವರು ತಾವು ಬೇರೆಲ್ಲಿಂದಲೋ ಬಂದವರೆಂದು ಎಲ್ಲೂ ಹೇಳಿಕೊಂಡಿಲ್ಲ. ವೈದಿಕ ಸಂಸ್ಕೃತಿ ಕಟ್ಟಿಕೊಂಡದ್ದು ಈ ನೆಲದಲ್ಲಿ, ಇಲ್ಲಿ ಮೊದಲೇ ಇದ್ದವರ ಜೊತೆ ಬೆರೆತು.

ಆದರೆ ಶಾಲೆಯಲ್ಲಿ ‘ಆರ್ಯರ ದಾಳಿ’ ಎಂದೇ ಓದಿದ್ದೆವಲ್ಲ?

ಓದಿರುತ್ತೀರಿ. ಆ ಚಿತ್ರವನ್ನು ಜನಪ್ರಿಯ ಮಾಡಿದವರು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್. 1946ರಲ್ಲಿ ಹರಪ್ಪಾದಲ್ಲಿ ಅಗೆದ ಅವರು, ಮೊಹೆಂಜೊದಾರೋದ ಬೀದಿ ಮತ್ತು ಕೋಣೆಗಳಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ಅಸ್ಥಿಪಂಜರಗಳನ್ನೂ, ಇಂದ್ರನಿಗೆ ಋಗ್ವೇದದಲ್ಲಿ ಸಿಗುವ ‘ಪುರಂದರ’ (ಕೋಟೆ ಒಡೆಯುವವನು) ಎಂಬ ಬಿರುದನ್ನೂ ಜೋಡಿಸಿ ಇಂದ್ರನನ್ನೇ ಆರೋಪಿ ಮಾಡಿದರು. 1964ರಲ್ಲಿ ಜಾರ್ಜ್ ಡೇಲ್ಸ್ ಅದೇ ಅಸ್ಥಿಗಳ ಉತ್ಖನನ ದಾಖಲೆಗಳನ್ನು ಮತ್ತೆ ತೆರೆದು ನೋಡಿದರು. ಅವು ಒಂದೇ ಪದರದವಲ್ಲ, ಒಂದೇ ದಿನ ಸತ್ತವರವಲ್ಲ. ಯುದ್ಧ ನಡೆದಿದ್ದರೆ ಹೆಣ ಬೀಳಬೇಕಾಗಿದ್ದ ಕೋಟೆಯ ಭಾಗದಲ್ಲಿ ಒಂದೂ ಸಿಕ್ಕಿರಲಿಲ್ಲ. ಮುಂದೆ ಕೆನೆತ್ ಕೆನಡಿ ಮೂಳೆಗಳನ್ನೇ ಪರೀಕ್ಷಿಸಿದಾಗ ಆಯುಧದ ಏಟು ಎನ್ನಬಹುದಾದ ಗುರುತು ತೀರಾ ವಿರಳವಾಗಿತ್ತು. ನಗರಗಳು ಕ್ರಿ.ಪೂ. 1900ರ ಸುಮಾರಿಗೆ ಖಾಲಿಯಾಗತೊಡಗಿದ್ದಕ್ಕೆ ಮಳೆಗಾಲ ದುರ್ಬಲವಾದದ್ದು, ನದಿಗಳು ಸೊರಗಿದ್ದು, ದೂರದ ವ್ಯಾಪಾರ ಕುಸಿದದ್ದು ಸಾಕಷ್ಟು ಕಾರಣ. ದಾಳಿಯ ಸಿದ್ಧಾಂತ ವೃತ್ತಿಪರ ಪುರಾತತ್ವದಲ್ಲಿ ಸತ್ತು ದಶಕಗಳಾದವು. ಸತ್ತದ್ದು ದಾಳಿ, ವಲಸೆಯಲ್ಲ. ಇವೆರಡನ್ನು ಒಂದೇ ಎಂದು ವಾದಿಸುವವರು ಸುಲಭದ ಗುರಿಗೆ ಕಲ್ಲು ಹೊಡೆಯುತ್ತಿದ್ದಾರೆ ಅಷ್ಟೆ.

‘ಆರ್ಯ’ ಎಂಬುದು ಜನಾಂಗದ ಹೆಸರೇ? ದಸ್ಯುಗಳು (ವೇದದಲ್ಲಿ ಆರ್ಯರ ವೈರಿಗಳು) ಚಪ್ಪಟೆ ಮೂಗಿನವರು ಎಂದು ವೇದದಲ್ಲೇ ಇದೆಯಂತೆ?

ಆ ‘ಮೂಗು’ ನಿಂತಿರುವುದು ಒಂದೇ ಒಂದು ಪದದ ಮೇಲೆ: ಋಗ್ವೇದ 5.29.10ರ ‘ಅನಾಸಃ’. ಅದನ್ನು ಅ-ನಾಸ ಎಂದು ಬಿಡಿಸಿದರೆ ಮೂಗಿಲ್ಲದವರು, ಅನ್-ಆಸ ಎಂದು ಬಿಡಿಸಿದರೆ ಬಾಯಿಲ್ಲದವರು. ವಿಜಯನಗರದ ಆಸ್ಥಾನದಲ್ಲಿ ಭಾಷ್ಯ ಬರೆದ ಸಾಯಣಾಚಾರ್ಯರು ಬಿಡಿಸಿದ್ದು ಎರಡನೆಯ ರೀತಿ: ‘ಆಸ್ಯರಹಿತಾನ್’, ಅಂದರೆ ಮಾತು ಸರಿಯಿಲ್ಲದವರು, ಭಾಷೆ ಅರ್ಥವಾಗದವರು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ವಿದ್ವಾಂಸರಿಗೆ ತಲೆಬುರುಡೆ, ಮೂಗು ಅಳೆಯುವ ಹುಚ್ಚಿತ್ತು. ಮೊದಲ ಅರ್ಥ ಅವರಿಗೆ ಹಿಡಿಸಿತು. ಸಾಯಣಭಾಷ್ಯವನ್ನು ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ 1888ರಲ್ಲಿ, ಆರ್ಯ ಎಂಬುದು ಭಾಷೆಗೆ ಮಾತ್ರ ಸಲ್ಲುವ ಪದ, ಆರ್ಯ ರಕ್ತ, ಆರ್ಯ ಕೂದಲು ಎನ್ನುವುದು ತಪ್ಪು ಎಂದು ಕಡ್ಡಿ ಮುರಿದಂತೆ ಹೇಳಿದರು. ಆ ಹೊತ್ತಿಗೆ ತಡವಾಗಿತ್ತು.

ಸಂಸ್ಕೃತವೇ ಗ್ರೀಕ್, ಲ್ಯಾಟಿನ್‌ಗಳ ತಾಯಿ ಆಗಿರಬಾರದೇಕೆ?

1786ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಈ ಭಾಷೆಗಳ ನಂಟನ್ನು ಸಾರಿದ ಮೇಲೆ ಕೆಲವು ಕಾಲ ಹಾಗೆಯೇ ನಂಬಿದ್ದವರೂ ಇದ್ದರು. ಆ ನಂಬಿಕೆಯನ್ನು ಕೆಡವಿದ್ದು 1870ರ ದಶಕದಲ್ಲಿ ಸಿಕ್ಕ ಒಂದು ಧ್ವನಿ ನಿಯಮ. ಕನ್ನಡಿಗರಿಗೆ ಇದು ಬೇಗ ತಿಳಿಯುತ್ತದೆ, ಏಕೆಂದರೆ ಅಂಥದ್ದೇ ಬದಲಾವಣೆ ನಮ್ಮ ಅಕ್ಕಪಕ್ಕದಲ್ಲೇ ನಡೆದಿದೆ.

ನಮ್ಮ ‘ಕಿವಿ’ಗೆ ತಮಿಳು, ತೆಲುಗಿನಲ್ಲಿ ‘ಚೆವಿ’. ನಮ್ಮ ‘ಕೆಂ’ ಬಣ್ಣಕ್ಕೆ ತಮಿಳಿನಲ್ಲಿ ‘ಚೆಂ’. ಇ, ಎ ಸ್ವರಗಳ ಮುಂದೆ ಕ ಎಂಬುದು ಚ ಆಗಿ ಜಾರುತ್ತದೆ; ಚ ತಿರುಗಿ ಕ ಆಗುವುದು ತೀರಾ ಅಪರೂಪ. ಹಾಗಾಗಿ ಈ ಒಂದು ವಿಷಯದಲ್ಲಿ ಕನ್ನಡ ಹಳೆಯ ರೂಪ ಉಳಿಸಿಕೊಂಡಿದೆ ಎನ್ನಬಹುದು.

ಈಗ ಸಂಸ್ಕೃತದ ‘ಚಕಾರ’ (ಮಾಡಿದನು) ತೆಗೆದುಕೊಳ್ಳಿ. ಧಾತು ಕೃ. ದ್ವಿತ್ವ (ಧಾತುವಿನ ಮೊದಲ ವ್ಯಂಜನ ಎರಡು ಸಲ ಬರುವುದು) ಬಂದಾಗ ಮೊದಲಿನದು ಚ ಆಗಿದೆ, ಎರಡನೆಯದು ಕ ಆಗಿಯೇ ಉಳಿದಿದೆ. ಆದರೆ ಎರಡರ ಮುಂದೆಯೂ ಇರುವುದು ಅ-ಆ ಸ್ವರ. ಒಂದೇ ಸ್ವರದ ಮುಂದೆ ಒಂದು ಕಡೆ ಜಾರಿ, ಇನ್ನೊಂದು ಕಡೆ ಜಾರದಿರಲು ಕಾರಣವೇನು? ಮೊದಲನೆಯದರ ಮುಂದೆ ಹಿಂದೊಮ್ಮೆ ‘ಎ’ ಇತ್ತು. ಅದು ಕ-ವನ್ನು ಚ ಮಾಡಿ, ಆಮೇಲೆ ತಾನೂ ಅ ಆಯಿತು. ಗ್ರೀಕ್‌ನಲ್ಲಿ ಅದೇ ಬಗೆಯ ದ್ವಿತ್ವದಲ್ಲಿ (‘ಲೆಲೊಯ್ಪ’) ಆ ‘ಎ’ ಇನ್ನೂ ಹಾಗೆಯೇ ಇದೆ. ಅಂದರೆ ಗ್ರೀಕ್ ಉಳಿಸಿಕೊಂಡದ್ದನ್ನು ಸಂಸ್ಕೃತ ಕಳೆದುಕೊಂಡಿದೆ. ಬೇರೆ ವಿಷಯಗಳಲ್ಲಿ ಸಂಸ್ಕೃತ ಉಳಿಸಿಕೊಂಡದ್ದನ್ನು ಗ್ರೀಕ್ ಕಳೆದುಕೊಂಡಿದೆ. ಇವು ಅಕ್ಕತಂಗಿಯರು, ತಾಯಿ ಬೇರೆ.

ಒಂದು ಎಚ್ಚರಿಕೆ: ಈ ನಿಯಮ ಆ ತಾಯಿಭಾಷೆಯ ಊರು ಯಾವುದೆಂದು ಹೇಳುವುದಿಲ್ಲ.

ಸಿರಿಯಾ, ಟರ್ಕಿಯಲ್ಲಿ ವೇದದ ದೇವತೆಗಳು ಸಿಕ್ಕಿದ್ದಾರೆ ಎನ್ನುತ್ತಾರೆ. ಅದು ನಿಜವೇ?

ನಿಜ. ಟರ್ಕಿಯ ಬೋಗಜ್‌ಕೊಯ್‌ನಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿ, ಅಲ್ಲಿನ ಹಿಟ್ಟೈಟ್ ಸಾಮ್ರಾಜ್ಯದ ದೊರೆ ಸುಪ್ಪಿಲುಲಿಯುಮ ಮತ್ತು ಉತ್ತರ ಸಿರಿಯಾದ ಮಿತನ್ನಿ ರಾಜ್ಯದ ದೊರೆ ಶತ್ತಿವಾಜನ ನಡುವಿನ ಒಪ್ಪಂದವಿದೆ. ಕಾಲ ಸುಮಾರು ಕ್ರಿ.ಪೂ. 1350. ಸಾಕ್ಷಿಗೆ ಕರೆದ ದೇವತೆಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಇದ್ದಾರೆ. ಅದೇ ಸಂಗ್ರಹದಲ್ಲಿ ಕಿಕ್ಕುಲಿ ಎಂಬ ಮಿತನ್ನಿ ಕುದುರೆ ಪಳಗಿಸುವವನ ಕೈಪಿಡಿಯೂ ಇದೆ. ಓಟದ ಸುತ್ತುಗಳಿಗೆ ಅವನು ಬಳಸುವ ಪದಗಳು ಅಯಿಕ-ವರ್ತನ್ನ, ತೇರ-ವರ್ತನ್ನ, ಪಂಜ-ವರ್ತನ್ನ, ಸತ್ತ-ವರ್ತನ್ನ. ಏಕ, ತ್ರಿ, ಪಂಚ, ಸಪ್ತ ಎಂದು ಯಾರೂ ಹೇಳಿಕೊಡಬೇಕಿಲ್ಲ. ‘ಏಕ’ ಇರುವುದು ಮುಖ್ಯ: ಇರಾನಿನ ಭಾಷೆಗಳಲ್ಲಿ ಒಂದಕ್ಕೆ ‘ಅಇವ’ ಎನ್ನುತ್ತಿದ್ದರು.

ಮಿತನ್ನಿ ಜನರ ದಿನದ ಮಾತು ಹುರ್ರಿಯನ್ ಎಂಬ ಸಂಬಂಧವಿಲ್ಲದ ಭಾಷೆ; ಸಂಸ್ಕೃತದ ಬಂಧು ಪದಗಳು ರಾಜರ ಹೆಸರು, ದೇವರು, ಕುದುರೆ ವಿದ್ಯೆಗಳಲ್ಲಿ ಮಾತ್ರ ಉಳಿದಿದ್ದವು. ವಲಸೆ ವಾದಿಗಳು ಇದನ್ನು ಮಧ್ಯ ಏಷ್ಯಾದಿಂದ ಪಶ್ಚಿಮಕ್ಕೆ ಹೋದ ಕವಲು ಎನ್ನುತ್ತಾರೆ. ಭಾರತವೇ ಮೂಲ ಎನ್ನುವ ಶ್ರೀಕಾಂತ ತಲಗೇರಿಯವರಂಥವರು, ಈ ಹೆಸರುಗಳ ಮಾದರಿ ಋಗ್ವೇದದ ಹತ್ತು ಮಂಡಲಗಳಲ್ಲಿ (ಭಾಗಗಳಲ್ಲಿ) ಹೊಸವನ್ನು ಹೋಲುತ್ತದೆ, ಆದ್ದರಿಂದ ಹಳೆಯ ಮಂಡಲಗಳು ಇನ್ನೂ ಬಹಳ ಹಿಂದಿನವು ಎನ್ನುತ್ತಾರೆ. ಅವರ ವಾದದಲ್ಲಿ ಉತ್ತರ ಕೊಡಬೇಕಾದ ಅತಿ ಗಂಭೀರ ಅಂಶ ಇದೇ. ಆದರೆ ಭಾರತದಿಂದ ಹೊರಟ ಭಾಷೆಗಳಲ್ಲಿ ನಮ್ಮ ಟ, ಡ, ಣಗಳ ಸದ್ದು, ನವಿಲು-ಆನೆಗಳ ಹೆಸರು ಯುರೋಪಿನವರೆಗೆ ಒಂದಾದರೂ ಹೋಗಿರಬೇಕಿತ್ತು. ಹೋಗಿಲ್ಲ.

ಋಗ್ವೇದದ ಕಾಲ ಯಾವುದು?

ಕ್ರಿ.ಪೂ. 1500ರಿಂದ 1000 ಎಂಬುದು ಹೆಚ್ಚಿನವರು ಒಪ್ಪುವ ಅಂದಾಜು. ‘ಕ್ರಿ.ಪೂ. 1200’ ಎಂಬ ಹಳೆಯ ಸಂಖ್ಯೆ 1859ರಲ್ಲಿ ಮ್ಯಾಕ್ಸ್ ಮುಲ್ಲರ್ ಕೊಟ್ಟದ್ದು. ಬುದ್ಧನ ಕಾಲದಿಂದ ಹಿಂದಕ್ಕೆ ಎಣಿಸುತ್ತಾ ಬ್ರಾಹ್ಮಣ, ಮಂತ್ರ, ಛಂದಸ್ಸು ಎಂಬ ಒಂದೊಂದು ಹಂತಕ್ಕೂ 200 ವರ್ಷ ಹಾಕಿದರು. ಆ 200ಕ್ಕೆ ಆಧಾರವಿರಲಿಲ್ಲ, ಮುಂದೆ ಅವರೇ ಅದನ್ನು ಒಪ್ಪಿಕೊಂಡರು.

ಪಠ್ಯದೊಳಗಿನ ಸುಳಿವುಗಳು ಹೆಚ್ಚು ಉಪಯುಕ್ತ. ಋಗ್ವೇದದಲ್ಲಿ ಯವ (ಜವೆ) ಇದೆ, ಭತ್ತದ ಹೆಸರು ‘ವ್ರೀಹಿ’ ಅಥರ್ವವೇದದಿಂದ ಶುರು. ಸಿಂಹ ಇದೆ, ಹುಲಿ ಇಲ್ಲ. ಇಟ್ಟಿಗೆಗೆ ಹೆಸರಿಲ್ಲ, ಯಜುರ್ವೇದದಲ್ಲಿ ‘ಇಷ್ಟಕಾ’ ಬರುತ್ತದೆ. ‘ಅಯಸ್’ ಎಂದರೆ ತಾಮ್ರ ಅಥವಾ ಕಂಚು. ಕಪ್ಪು ಲೋಹ, ಅಂದರೆ ಕಬ್ಬಿಣ, ಅಥರ್ವವೇದದಲ್ಲಿ ಕಾಣಿಸಿಕೊಳ್ಳುತ್ತದೆ. ಕಬ್ಬಿಣದ ಈ ವಾದ ಮೊದಲಿನಷ್ಟು ಬಿಗಿಯಾಗಿಲ್ಲ, ಏಕೆಂದರೆ ಉತ್ತರ ಪ್ರದೇಶದ ಮಲ್ಹಾರ್ ಮುಂತಾದೆಡೆ ಕ್ರಿ.ಪೂ. 1800ರ ಆಸುಪಾಸಿನ ಕಬ್ಬಿಣ ವರದಿಯಾಗಿದೆ.

ನಕ್ಷತ್ರಗಳ ಲೆಕ್ಕದಿಂದ ಕ್ರಿ.ಪೂ. 4000, 6000 ಎಂದು ಸಾಬೀತಾಗಿದೆಯಲ್ಲ?

ಸಾಬೀತಾಗಿಲ್ಲ. ಲೆಕ್ಕ ಸರಿ, ಲೆಕ್ಕಕ್ಕೆ ಕೊಡುವ ಸಾಮಗ್ರಿ ಸಡಿಲ. ಭೂಮಿಯ ಅಕ್ಷದ ಓಲಾಟದಿಂದ ವಿಷುವದ್ಬಿಂದು (ಹಗಲಿರುಳು ಸಮವಾಗುವ ದಿನ ಸೂರ್ಯನಿರುವ ಜಾಗ) 1 ಡಿಗ್ರಿ ಸರಿಯಲು ಸುಮಾರು 72 ವರ್ಷ ಬೇಕು. ಒಂದು ನಕ್ಷತ್ರದ ಪಾಲು 13 ಡಿಗ್ರಿ 20 ಕಲೆ. ಅಂದರೆ ಋಷಿ ಹೇಳಿದ್ದು ಈ ನಕ್ಷತ್ರವೋ ಪಕ್ಕದ್ದೋ ಎಂಬ ಒಂದೇ ಗೊಂದಲಕ್ಕೆ 960 ವರ್ಷ ಆಚೀಚೆ. ಆರಂಭ ಬಿಂದುವೋ ಕೊನೆಯ ಬಿಂದುವೋ ಎಂದು ಹೇಳಿರದಿದ್ದರೂ ಅಷ್ಟೇ ಅಂತರ.

ಶತಪಥ ಬ್ರಾಹ್ಮಣದ (2.1.2.3) ಪ್ರಸಿದ್ಧ ಮಾತು: ಕೃತ್ತಿಕೆಗಳು ಪೂರ್ವ ದಿಕ್ಕಿನಿಂದ ಕದಲುವುದಿಲ್ಲ. ಅಚ್ಚುಕಟ್ಟಾಗಿ ನೇರ ಪೂರ್ವ ಎಂದು ಹಿಡಿದರೆ ಕ್ರಿ.ಪೂ. ಮೂರನೆಯ ಸಹಸ್ರಮಾನ ಬರುತ್ತದೆ. ಆದರೆ ಕುರುಕ್ಷೇತ್ರದ ಅಕ್ಷಾಂಶದಲ್ಲಿ ಕೃತ್ತಿಕೆ ಹುಟ್ಟುವ ಜಾಗ ಆಗ ಸುಮಾರು 160 ವರ್ಷಕ್ಕೆ 1 ಡಿಗ್ರಿಯಂತೆ ಸರಿಯುತ್ತಿತ್ತು. ಉಪಕರಣವಿಲ್ಲದ ಕಣ್ಣು 3 ಡಿಗ್ರಿ ತಪ್ಪಿದರೆ ಹೆಚ್ಚುಕಡಿಮೆ 500 ವರ್ಷ ತಪ್ಪುತ್ತದೆ. ಹಳೆಯ ಕಾಲದ ನೆನಪು ಹೊಸ ಗ್ರಂಥದಲ್ಲಿ ಉಳಿದಿರಲೂಬಹುದು. ಬಾಲಗಂಗಾಧರ ತಿಲಕ್ ಮತ್ತು ಜರ್ಮನ್ ವಿದ್ವಾಂಸ ಯಾಕೋಬಿ 1893ರ ಸುಮಾರಿಗೆ ಇದೇ ದಾರಿಯಲ್ಲಿ ಹೋಗಿ ಬಹಳ ಹಿಂದಿನ ಕಾಲ ಹೇಳಿದರು. ಹತ್ತೇ ವರ್ಷದಲ್ಲಿ ತಿಲಕರು ವೇದದ ಮೂಲವನ್ನು ಉತ್ತರ ಧ್ರುವಕ್ಕೆ ಒಯ್ದದ್ದನ್ನು ಇಂದಿನ ಸ್ವದೇಶಿ ವಾದಿಗಳು ಹೆಚ್ಚು ನೆನೆಯುವುದಿಲ್ಲ.

ವೇದದ ಕಾಲಗಣನೆಯ ಗ್ರಂಥ ವೇದಾಂಗ ಜ್ಯೋತಿಷದ್ದು ಇದಕ್ಕಿಂತ ಬಿಗಿ ಮಾತು: ಧನಿಷ್ಠೆಯ ಆರಂಭದಲ್ಲಿ ಉತ್ತರಾಯಣ. ಅದು ಕ್ರಿ.ಪೂ. 1400–1200ರ ಸುಮಾರನ್ನು ತೋರಿಸುತ್ತದೆ.

ಸರಸ್ವತಿ ಬತ್ತಿದ್ದು ಕ್ರಿ.ಪೂ. 1900ರಲ್ಲಿ. ವೇದದಲ್ಲಿ ಅದು ತುಂಬಿ ಹರಿಯುತ್ತದೆ. ಅಲ್ಲಿಗೆ ವಿಷಯ ಮುಗಿಯಲಿಲ್ಲವೇ?

ಮುಗಿದಿದ್ದರೆ ಒಳ್ಳೆಯದಿತ್ತು. ಋಗ್ವೇದದ 10.75ನೇ ನದೀಸೂಕ್ತ ಗಂಗೆ, ಯಮುನೆ, ಸರಸ್ವತಿ, ಶುತುದ್ರಿ (ಸಟ್ಲೆಜ್) ಎಂದು ಪೂರ್ವದಿಂದ ಪಶ್ಚಿಮಕ್ಕೆ ಎಣಿಸುವುದರಿಂದ ಆ ಸರಸ್ವತಿ ಹರಿಯಾಣದಿಂದ ಪಾಕಿಸ್ತಾನದ ಕಡೆ ಸಾಗುವ ಇಂದಿನ ಘಗ್ಗರ್–ಹಕ್ರಾ ನದಿ ಎನ್ನಲು ಅಡ್ಡಿಯಿಲ್ಲ. 7.95ರಲ್ಲಿ ಅದು ಬೆಟ್ಟದಿಂದ ಸಮುದ್ರದವರೆಗೆ ಹರಿಯುತ್ತದೆ. ತೊಡಕಿರುವುದು ಭೂವಿಜ್ಞಾನದಲ್ಲಿ.

ಅಲ್ಲಿ ನಡೆಯುವ ಪರೀಕ್ಷೆ ಮುಖ್ಯವಾಗಿ ಎರಡು ಬಗೆ. ಕೊಳವೆ ಕೊರೆದು ತೆಗೆದ ಮರಳಿನ ಜಿರ್ಕಾನ್ ಹರಳುಗಳ ವಯಸ್ಸು ಆ ಮರಳು ಯಾವ ಬೆಟ್ಟದ್ದೆಂದು ಹೇಳುತ್ತದೆ. ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಇನ್ನೊಂದು ಪರೀಕ್ಷೆ ಹೇಳುತ್ತದೆ; ಮಾದರಿಗೆ ಒಂದಿಷ್ಟು ಬೆಳಕು ತಗಲಿದರೂ ಅದು ಕೆಟ್ಟಂತೆ. 2012ರ ಅಧ್ಯಯನ, ಹರಪ್ಪಾ ಕಾಲದಲ್ಲಿ ಘಗ್ಗರ್ ಮಳೆಯನ್ನೇ ನೆಚ್ಚಿದ ನದಿ ಎಂದಿತು. 2017ರದ್ದು, ಸಟ್ಲೆಜ್ ಆ ಪಾತ್ರವನ್ನು ಬಿಟ್ಟು 8000 ವರ್ಷವಾಯಿತು, ಹರಪ್ಪಾ ಊರುಗಳು ಕಟ್ಟಿಕೊಂಡದ್ದೇ ತೊರೆದ ಪಾತ್ರದ ಮೇಲೆ ಎಂದಿತು. 2019ರದ್ದು, ಇಂದಿಗೆ 9000ದಿಂದ 4500 ವರ್ಷ ಹಿಂದಿನವರೆಗೆ ಹಿಮದ ನೀರು ಬರುತ್ತಿತ್ತು ಎಂದಿತು. ಮೂರೂ ಬೇರೆ ಬೇರೆ ಜಾಗದಲ್ಲಿ ಕೊರೆದ ಕೆಲಸ, ಒಂದರಿಂದ ಇನ್ನೊಂದು ಸುಳ್ಳಾಗಬೇಕಿಲ್ಲ. ಹೀಗೆ ‘1900ರಲ್ಲಿ ಬತ್ತಿತು’ ಎಂಬ ಒಂದೇ ದಿನಾಂಕ ಯಾವ ಪ್ರಯೋಗಾಲಯದಿಂದಲೂ ಬಂದಿಲ್ಲ. ಮಳೆಗಾಲದಲ್ಲಿ ಘಗ್ಗರ್ ಇಂದಿಗೂ ಉಕ್ಕುತ್ತದೆ. ಸ್ತುತಿಯ ಉತ್ಪ್ರೇಕ್ಷೆಯನ್ನು ಜಲಮಾಪನ ಎಂದು ಓದುವುದೂ ಅಪಾಯ.

ಸಿಂಧೂ ನಾಗರಿಕತೆಯೇ ವೈದಿಕವಾಗಿತ್ತು ಎನ್ನಲು ಏನು ತೊಂದರೆ? ಸಿನೌಲಿಯಲ್ಲಿ ರಥ ಸಿಕ್ಕಿತಲ್ಲ?

ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಸಿನೌಲಿಯಲ್ಲಿ 2018ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ತೆಗೆದ ಗಾಡಿಗಳು ಅದ್ಭುತ. ಮರ ಕೊಳೆತು ಹೋಗಿದ್ದರೂ ಚಕ್ರದ ಮೇಲೆ ತ್ರಿಕೋನಾಕಾರದ ತಾಮ್ರದ ಅಲಂಕಾರ ಉಳಿದಿತ್ತು. ಕಾಲ ಕ್ರಿ.ಪೂ. 2000–1800ರ ಸುಮಾರು. ಆದರೆ ಆ ಚಕ್ರಗಳು ಇಡಿಯಾದವು, ಅರಗಳಿಲ್ಲ. ಋಗ್ವೇದದ ರಥಕ್ಕೆ ಅರಗಳಿವೆ, 1.164.11 ಕಾಲಚಕ್ರವನ್ನು ‘ದ್ವಾದಶಾರಂ’, ಹನ್ನೆರಡು ಅರಗಳದ್ದು ಎನ್ನುತ್ತದೆ. ಇಡೀ ಮರದ ಚಕ್ರ ಭಾರ, ಓಟಕ್ಕೆ ಆಗಿಬರುವುದಿಲ್ಲ. ಗಾಡಿಗಳ ಜೊತೆ ಕುದುರೆಯ ಅಸ್ಥಿಯೂ ಸಿಕ್ಕಿಲ್ಲ. ಅರಗಳ ಚಕ್ರದ ಹಳೆಯ ರಥಗಳು ಸಿಕ್ಕಿರುವುದು ಉರಲ್ ಬೆಟ್ಟಗಳ ಪೂರ್ವದ ಸಿಂತಾಷ್ಟಾದ ಸಮಾಧಿಗಳಲ್ಲಿ, ಕ್ರಿ.ಪೂ. 2000ದ ಆಸುಪಾಸು, ಕುದುರೆಗಳ ಸಮೇತ.

ಕುದುರೆಯ ಮೂಳೆಯದ್ದು ನಿತ್ಯದ ಜಗಳ. ಕಛ್‌ನ ಸುರ್ಕೋಟಡಾದಲ್ಲಿ ಸಿಕ್ಕ ಮೂಳೆಗಳನ್ನು ಕುದುರೆಯದ್ದೆಂದು ಪ್ರಾಣಿಮೂಳೆ ತಜ್ಞ ಶಾಂದೋರ್ ಬೊಕೊನ್ಯಿ ಒಪ್ಪಿದರು, ಅದೇ ಕ್ಷೇತ್ರದ ರಿಚರ್ಡ್ ಮೆಡೋ ಒಪ್ಪಲಿಲ್ಲ. ಕಛ್ ಇಂದಿಗೂ ಕಾಡುಕತ್ತೆಗಳ ಸೀಮೆ. ಮುರಿದ ಹಲ್ಲು, ಕಾಲ್ಬೆರಳ ಮೂಳೆಯಿಂದ ಎರಡನ್ನೂ ಬೇರ್ಪಡಿಸುವುದು ಕಷ್ಟ. ಮುದ್ರೆಗಳಲ್ಲಿ ಗೂಳಿ, ಆನೆ, ಘೇಂಡಾಮೃಗ, ಹುಲಿ ಎಲ್ಲ ಇವೆ, ಕುದುರೆ ಇಲ್ಲ. ಋಗ್ವೇದ 1.162ರಲ್ಲಿ ಅಶ್ವಕ್ಕೆ 34 ಪಕ್ಕೆಲುಬು ಎಂದಿದೆ, ಹೊರಗಿನ ಕುದುರೆಗೆ 36, ಆದ್ದರಿಂದ ಅದು ಭಾರತದ್ದೇ ತಳಿ ಎಂಬ ವಾದವೂ ಓಡಾಡುತ್ತದೆ. ಕುದುರೆಗಳಲ್ಲಿ 17ರಿಂದ 19 ಜೋಡಿಯವರೆಗೆ ವ್ಯತ್ಯಾಸ ಸಹಜ; ತಳಿ ನಿರ್ಧಾರಕ್ಕೆ ಇದು ಸಾಲದು.

ಇನ್ನೊಂದು ಕಡೆ, ಸಿಂಧೂ ಲಿಪಿಯನ್ನು ಯಾರೂ ಓದಿಲ್ಲ. ಚಿಹ್ನೆಗಳು 400ಕ್ಕೂ ಹೆಚ್ಚು, ಬರಹಗಳ ಸರಾಸರಿ ಉದ್ದ ಐದು ಚಿಹ್ನೆ. ಇಷ್ಟು ಗಿಡ್ಡ ಸಾಲುಗಳಿಂದ ಸಂಸ್ಕೃತವನ್ನೂ ಓದಿಸಬಹುದು, ತಮಿಳನ್ನೂ ಓದಿಸಬಹುದು, ಓದಿಸಿಯೂ ಇದ್ದಾರೆ.

ರಾಖೀಗಢಿ ಡಿಎನ್‌ಎ ವಲಸೆಯನ್ನು ಸುಳ್ಳು ಮಾಡಿತಲ್ಲ?

ಪತ್ರಿಕಾಗೋಷ್ಠಿ ಹಾಗೆ ಹೇಳಿತು, ಪ್ರಬಂಧ ಹೇಳಲಿಲ್ಲ. ರಾಖೀಗಢಿ ಹರಿಯಾಣದಲ್ಲಿರುವ ಹರಪ್ಪಾ ಕಾಲದ ನಗರ. ಅಲ್ಲಿನ 61 ಅಸ್ಥಿ ಮಾದರಿ ಪರೀಕ್ಷಿಸಿದ ಮೇಲೆ ಓದಬಲ್ಲ ಡಿಎನ್‌ಎ ಕೊಟ್ಟದ್ದು ಒಬ್ಬ ಹೆಂಗಸಿನದು ಮಾತ್ರ. ನಮ್ಮ ಬಿಸಿಲು, ತೇವದಲ್ಲಿ ಡಿಎನ್‌ಎ ಬೇಗ ಚೂರಾಗುತ್ತದೆ. ಸಾಮಾನ್ಯವಾಗಿ ಕಿವಿಯ ಒಳಭಾಗದ ಗಟ್ಟಿ ಮೂಳೆಯನ್ನೇ ಹುಡುಕುವುದು ಅದಕ್ಕೇ. 2019ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆಕೆಯಲ್ಲಿ ಯುರೇಷ್ಯಾದ ಹುಲ್ಲುಗಾವಲಿನ, ಅಂದರೆ ಸ್ಟೆಪ್ಪಿಯ ಅಂಶವೇ ಇಲ್ಲ.

ಇದರ ಅರ್ಥ ಏನು? ಇಂದು ಉತ್ತರದಿಂದ ದಕ್ಷಿಣದವರೆಗೆ ಬಹಳಷ್ಟು ಸಮುದಾಯಗಳಲ್ಲಿ, ಬೇರೆ ಬೇರೆ ಪ್ರಮಾಣದಲ್ಲಿ, ಆ ಅಂಶ ಇದೆ. ಹರಪ್ಪಾದ ಉಚ್ಛ್ರಾಯದಲ್ಲಿ ಇಲ್ಲದ್ದು ಇಂದು ಇದೆ ಎಂದರೆ ನಡುವೆ ಬಂದಿರಬೇಕು. ಅದೇ ವಾರ ಪ್ರಕಟವಾದ, ಕೆಲವು ಅದೇ ಲೇಖಕರಿದ್ದ ಇನ್ನೊಂದು ಪ್ರಬಂಧ 523 ಪ್ರಾಚೀನ ವ್ಯಕ್ತಿಗಳ ಹೊಸ ಮಾಹಿತಿಯಿಂದ ಆ ಪ್ರವೇಶವನ್ನು ಕ್ರಿ.ಪೂ. 2000–1500ಕ್ಕೆ ಇಟ್ಟಿತು. ಸಂಸ್ಕೃತ ಗ್ರಂಥಗಳನ್ನು ಕಾಪಾಡಿಕೊಂಡು ಬಂದ ಪುರೋಹಿತ ಸಮುದಾಯಗಳಲ್ಲಿ ಆ ಪಾಲು ನಿರೀಕ್ಷೆಗಿಂತ ಹೆಚ್ಚು ಎಂದೂ ಅದು ತೋರಿಸಿತು. ಹಾಗೆಯೇ ರಾಖೀಗಢಿಯ ಪ್ರಬಂಧ, ಹರಪ್ಪಾ ಜನರ ಇರಾನ್ ಸಂಬಂಧಿ ಪೂರ್ವಜರು ಕೃಷಿ ಹುಟ್ಟುವ ಮೊದಲೇ ಕವಲೊಡೆದವರು, ಅಂದರೆ ಇಲ್ಲಿಗೆ ಬೇಸಾಯ ತಂದವರು ಇರಾನಿನ ರೈತರ ದೊಡ್ಡ ವಲಸೆಯಲ್ಲ ಎಂದಿತು. ಇದು ಸ್ವದೇಶಿ ಪಕ್ಷಕ್ಕೆ ನಿಜವಾಗಿ ಸಿಕ್ಕ ಗೆಲುವು, ವಿಚಿತ್ರವೆಂದರೆ ಅವರು ಅದನ್ನು ಹೆಚ್ಚು ಹೇಳುವುದಿಲ್ಲ.

ಡಿಎನ್‌ಎ ಮಾತನಾಡುವುದಿಲ್ಲ. ಬಂದವರು ಯಾವ ಭಾಷೆ ಆಡುತ್ತಿದ್ದರು ಎಂಬುದು ಅದರೊಳಗೆ ಬರೆದಿರುವುದಿಲ್ಲ. ಕಾಲ ಮತ್ತು ದಾರಿ ಭಾಷಾವಿಜ್ಞಾನದ ಲೆಕ್ಕಕ್ಕೆ ಹೊಂದುತ್ತದೆ ಎಂಬಷ್ಟೇ ಅದರ ಬಲ.

ಹಾಗಾದರೆ ಹರಪ್ಪಾದವರು ದ್ರಾವಿಡರೇ? ಕನ್ನಡಿಗರು ಅವರ ಸಂತತಿಯೇ?

ಹರಪ್ಪಾ ಜನರ ಅಂಶ ಉತ್ತರ, ದಕ್ಷಿಣ ಎನ್ನದೆ ಉಪಖಂಡದ ಬಹುತೇಕ ಎಲ್ಲರಲ್ಲೂ ಇದೆ. ಭಾಷೆಯ ಮಾತು ಬೇರೆ. ಬಲೂಚಿಸ್ತಾನದಲ್ಲಿ ಬ್ರಾಹುಯಿ ಎಂಬ ದ್ರಾವಿಡ ಭಾಷೆ ಇದೆ, ಋಗ್ವೇದದಲ್ಲಿ ದ್ರಾವಿಡ ಮೂಲದ್ದೆಂದು ಶಂಕಿಸುವ ಪದಗಳಿವೆ: ಮಯೂರ, ಕಣಕ್ಕೆ ‘ಖಲ’ (ತಮಿಳಿನ ಕಳಂ, ನಮ್ಮ ಕಣ), ಒರಳಿಗೆ ‘ಉಲೂಖಲ’. ಇವು ಹಳೆಯ ಮಂಡಲಗಳಲ್ಲಿ ಕಡಿಮೆ, ಹೊಸವುಗಳಲ್ಲಿ ಹೆಚ್ಚು ಎಂದು ಸಂಸ್ಕೃತ ವಿದ್ವಾಂಸ ಮೈಕಲ್ ವಿಟ್ಜೆಲ್ ವಾದಿಸಿದ್ದಾರೆ. ಸಿಂಧೂ ಬಯಲಿನಲ್ಲಿ ದ್ರಾವಿಡ ಭಾಷೆಯೊಂದು ಇದ್ದಿರಬಹುದು. ಆಗ ಅದು ಒಂದೇ ಭಾಷೆಯ ನಾಡಾಗಿತ್ತು ಎನ್ನಲು ಆಧಾರವಿಲ್ಲ.

ಕರ್ನಾಟಕದ ಉತ್ಖನನಕ್ಕೂ ಈ ಚರ್ಚೆಗೂ ಸಂಬಂಧವಿದೆಯೇ?

ಇದೆ, ಹಾವೇರಿ ಜಿಲ್ಲೆಯ ಹಳ್ಳೂರು. ತುಂಗಭದ್ರೆಯ ದಡದ ಈ ನೆಲೆಯನ್ನು 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆದರು. ಕಬ್ಬಿಣ ಅಲ್ಲಿ ಕ್ರಿ.ಪೂ. 1000ದ ಸುಮಾರಿಗೇ ಕಂಡಿತು. ಪ್ರಾಣಿಗಳ ಮೂಳೆ ಪರೀಕ್ಷಿಸಿದ ಕೆ.ಆರ್. ಆಲೂರರು ನವಶಿಲಾಯುಗದ ಪದರದ ಕೆಲವನ್ನು ಕುದುರೆಯದ್ದೆಂದು ಗುರುತಿಸಿದರು. ಆರ್ಯರೇ ಕುದುರೆ ತಂದವರಾದರೆ ಅದು ಇಷ್ಟು ಬೇಗ ದಕ್ಷಿಣಕ್ಕೆ ಹೇಗೆ ಬಂತು ಎಂಬ ಪ್ರಶ್ನೆ ಎದ್ದಿತು. ಪ್ರಾಣಿ, ಸರಕು, ಅವುಗಳನ್ನು ಹೊಡೆದುಕೊಂಡು ಬರುವ ವ್ಯಾಪಾರಿ ಒಂದು ಭಾಷೆಗಿಂತ ಬೇಗ ಚಲಿಸುತ್ತಾರೆ. ಹಳ್ಳೂರಿನ ಕುದುರೆ ವಲಸೆಯನ್ನು ಅಲ್ಲಗಳೆಯದು. ‘ಕುದುರೆ ಇದ್ದಲ್ಲೆಲ್ಲ ಆರ್ಯ’ ಎಂಬ ಸೂತ್ರವನ್ನು ಮಾತ್ರ ಮುರಿಯುತ್ತದೆ.

ವಾಟ್ಸಾಪ್‌ನಲ್ಲಿ ಹೊಸ ‘ಸಾಕ್ಷಿ’ ಬಂದಾಗ ಪರಿಶೀಲಿಸುವುದು ಹೇಗೆ?

ಮಂತ್ರ ಉದ್ಧರಿಸಿದ್ದರೆ ಮಂಡಲ, ಸೂಕ್ತ, ಋಕ್ಕಿನ ಸಂಖ್ಯೆ ಕೇಳಿ. ಸಂಖ್ಯೆ ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಇದ್ದರೆ, ಮೈಸೂರು ಅರಮನೆಯಿಂದ ಪ್ರಕಟವಾದ ಸಾಯಣಭಾಷ್ಯ ಸಹಿತ ಕನ್ನಡ ಋಗ್ವೇದ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಪದಪಾಠ (ಸಂಧಿ ಬಿಡಿಸಿ ಪದ ಪದವಾಗಿ ಕೊಟ್ಟದ್ದು) ನೋಡಿದರೆ ಅರ್ಧ ವಾದ ಅಲ್ಲೇ ಕರಗುತ್ತದೆ. ಅದು ಎರಡರಿಂದ ಏಳರವರೆಗಿನ ಹಳೆಯ ಮಂಡಲವೋ, ಒಂದು-ಹತ್ತನೆಯದೋ ಎಂಬುದನ್ನೂ ಗಮನಿಸಿ.

ಇಂಗಾಲದ ದಿನಾಂಕವಿದ್ದರೆ ‘ಇಂದಿಗೆ ಇಷ್ಟು ವರ್ಷ ಹಿಂದೆ’ ಎಂಬ ಲೆಕ್ಕವೋ ಕ್ರಿ.ಪೂ. ಲೆಕ್ಕವೋ ನೋಡಿ. ಮೊದಲಿನದರಲ್ಲಿ ‘ಇಂದು’ ಎಂದರೆ 1950. ಎರಡನ್ನೂ ಕಲಸಿದರೆ ಸುಮಾರು 2000 ವರ್ಷ ಏರುಪೇರು, ಪತ್ರಿಕೆಗಳಲ್ಲಿ ಇದು ಆಗಾಗ ಆಗುತ್ತದೆ. ಪರೀಕ್ಷೆ ಮಾಡಿದ್ದು ಇದ್ದಿಲನ್ನೋ ಕಾಳನ್ನೋ ಎಂಬುದೂ ಮುಖ್ಯ. ನೂರಾರು ವರ್ಷ ಬದುಕಿದ ಮರದ ಇದ್ದಿಲು ಒಲೆಯ ವಯಸ್ಸನ್ನಲ್ಲ, ಮರದ ವಯಸ್ಸನ್ನು ಕೊಡುತ್ತದೆ. ‘ಯಜ್ಞಕುಂಡ’ ಸಿಕ್ಕಿದೆ ಎಂದರೆ ಅದು ಮನೆಯೊಳಗಿತ್ತೋ, ಅಡುಗೆಯ ಮೂಳೆ ಜೊತೆಗಿತ್ತೋ ವಿಚಾರಿಸಿ. ಹರಪ್ಪಾ ಕಾಲದ ನೆಲೆಗಳಾದ ಕಾಲಿಬಂಗನ್, ಲೋಥಾಲ್‌ಗಳ ಕುಂಡಗಳ ಜಗಳ ನಿಂತಿರುವುದೇ ಅಲ್ಲಿ.

ಮುಂದೆ ಏನು ಸಿಕ್ಕರೆ ಈ ಚಿತ್ರ ಬದಲಾದೀತು?

ಕ್ರಿ.ಪೂ. 2000ಕ್ಕಿಂತ ಸ್ಪಷ್ಟವಾಗಿ ಹಿಂದಿನ ಪದರದಲ್ಲಿ ಅರಗಳ ಚಕ್ರ ಮತ್ತು ಅನುಮಾನಕ್ಕೆಡೆಯಿಲ್ಲದ ಸಾಕುಕುದುರೆ ಒಟ್ಟಿಗೆ ಸಿಕ್ಕರೆ ವಲಸೆಯ ಕಾಲಗಣನೆ ಅಲುಗಾಡುತ್ತದೆ. ಮೆಸೊಪೊಟೇಮಿಯಾದಲ್ಲಿ ಸಿಂಧೂ ಲಿಪಿಯೂ ನಾವು ಓದಬಲ್ಲ ಕ್ಯೂನಿಫಾರ್ಮ್ ಲಿಪಿಯೂ ಜೊತೆಗಿರುವ ದ್ವಿಭಾಷಾ ಫಲಕ ಸಿಕ್ಕರೆ ಹರಪ್ಪಾದ ಭಾಷೆಯ ಊಹೆಗಳಿಗೆ ತೆರೆ ಬೀಳಬಹುದು. ಲಿಪಿ ಓದಿದವರಿಗೆ ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ 10 ಲಕ್ಷ ಡಾಲರ್ ಬಹುಮಾನವನ್ನೇ ಘೋಷಿಸಿದೆ. ಇವೆರಡಕ್ಕಿಂತ ಬೇಗ ಸಿಗಬಹುದಾದದ್ದು ಪಂಜಾಬ್, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ಕ್ರಿ.ಪೂ. 1900–1000ದ ಅಸ್ಥಿಗಳ ಡಿಎನ್‌ಎ. ಸದ್ಯ ಆ ಕಾಲಘಟ್ಟಕ್ಕೆ ಹೆಚ್ಚು ಮಾದರಿ ಇರುವುದು ಪಾಕಿಸ್ತಾನದ ಸ್ವಾತ್ ಕಣಿವೆಯಿಂದ. ಅಲ್ಲಿ ಸ್ಟೆಪ್ಪಿಯ ಅಂಶವಿದೆ, ಆದರೆ ಗಂಡಸರ ಕಡೆಯಿಂದ ಬಂದದ್ದು ಕಡಿಮೆ. ಇಂದಿನ ಉತ್ತರ ಭಾರತದ ಚಿತ್ರ ಇದಕ್ಕೆ ತದ್ವಿರುದ್ಧ. ಈ ಎರಡು ಹೇಗೆ ಕೂಡುತ್ತವೆ ಎಂಬುದಕ್ಕೆ ಉತ್ತರ ಸಿಗಬೇಕಾದದ್ದು ವೇದದ ನದಿಗಳ ಬಯಲಿನಲ್ಲಿ, ಅದೂ ಹೂಳುವ ಪದ್ಧತಿ ಇದ್ದ ನೆಲೆಗಳಲ್ಲಿ. ಹೆಣ ಸುಟ್ಟವರ ಡಿಎನ್‌ಎ ಸಿಗುವುದಿಲ್ಲ.